ಟೇಪ್ ದನಿ ಕೊಡುವ ಪ್ಲಗಿನ್ ಯಾವುದು ತಗೊಳ್ಳಲಿ? (ಹಾರ್ಮೋನಿಯಂ, ತಾಳ, ತತ್ವಪದ)

ಕುಂದವಾಡ_ಕೆರೆ
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದ್ದೇನೆ. ನಮ್ಮ ಓಣಿಯ ಭಜನಾ ಮಂಡಳಿಯವರ ತತ್ವಪದಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವ ಕೆಲಸ ಹಿಡಿದಿದ್ದೇನೆ. ಹಾರ್ಮೋನಿಯಂ, ತಬಲಾ, ತಾಳ, ಏಕತಾರಿ. ಮುಂದೆ ಹಾಡುವವರು ಒಬ್ಬರು, ದನಿಗೂಡಿಸುವವರು ಐದಾರು ಜನ. ನನ್ನ ಹತ್ತಿರ ಇರೋದು ಎರಡು ಕಂಡೆನ್ಸರ್ ಮೈಕು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಇಂಟರ್‌ಫೇಸ್, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಅದರಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್.

ರೆಕಾರ್ಡಿಂಗ್ ಸ್ವಚ್ಛವಾಗಿ ಬರುತ್ತದೆ. ಆದರೆ ಕೇಳಿದರೆ ಚುಚ್ಚುತ್ತದೆ. ಅದರಲ್ಲೂ ಹಾರ್ಮೋನಿಯಂ ಮತ್ತು ತಾಳ ಒಟ್ಟಿಗೆ ಬಂದಾಗ ಹೆಡ್‌ಫೋನ್ ತೆಗೆದುಬಿಡೋಣ ಅನ್ನಿಸುತ್ತದೆ. ಮಂಡಳಿಯ ಹಿರಿಯರು "ಹಳೇ ಕ್ಯಾಸೆಟ್‌ನಲ್ಲಿ ಇರ್ತಿತ್ತಲ್ಲ, ಆ ಥರ ಮೆತ್ತಗೆ ಬರಲಿ" ಅಂತಾರೆ. ಅದಕ್ಕೇ ಟೇಪ್ ಪ್ಲಗಿನ್ (ರೆಕಾರ್ಡಿಂಗಿಗೆ ಹಳೇ ಟೇಪ್ ಯಂತ್ರದ ದನಿ ಕೊಡುವ ಸಣ್ಣ ಸಾಫ್ಟ್‌ವೇರ್) ಹುಡುಕೋಕೆ ಕೂತೆ. ಸ್ಟೂಡರ್, ಆಂಪೆಕ್ಸ್, ಜೆ37, ಸ್ಯಾಟಿನ್, ಇನ್ನೂ ಏನೇನೋ. ಎಲ್ಲದರ ಜಾಹೀರಾತಿನಲ್ಲೂ ಅದೇ ಮಾತು, ಎಲ್ಲದರ ವಿಡಿಯೋದಲ್ಲೂ ಡ್ರಮ್ ಸೆಟ್ಟು, ಎಲೆಕ್ಟ್ರಿಕ್ ಗಿಟಾರು. ನಮ್ಮ ಹಾರ್ಮೋನಿಯಂ ಹಾಕಿ ತೋರಿಸಿದವರು ಒಬ್ಬರೂ ಇಲ್ಲ.

ಬಜೆಟ್ ಐದಾರು ಸಾವಿರ. ಯಾವುದು ತಗೊಳ್ಳಲಿ?

ಬೆಣ್ಣೆ_ಬೀಟ್ಸ್
ಚೌ ಟೇಪ್ ಮಾಡೆಲ್. ಫ್ರೀ. ಮುಗೀತು.

ಹರಿಹರ_ಹೊಳೆ
ಅಷ್ಟು ಬೇಗ ಮುಗಿಯಲ್ಲ ತಮ್ಮಾ. ಅವರು ದುಡ್ಡು ಕೊಡೋಕೆ ತಯಾರಿದ್ದಾರೆ, ಒಳ್ಳೆಯದನ್ನೇ ಹೇಳೋಣ.

ನಾನು ಯುನಿವರ್ಸಲ್ ಆಡಿಯೋ (ಯುಎಡಿ) ಕಂಪನಿಯ ಸ್ಟೂಡರ್ ಎ800 ಪ್ಲಗಿನ್ ಬಳಸುತ್ತೇನೆ. ಮೂಲ ಯಂತ್ರ 1978ರದ್ದು, 2 ಇಂಚು ಅಗಲದ ಟೇಪಿನ ಮಲ್ಟಿಟ್ರ್ಯಾಕ್ ಯಂತ್ರ, ಅಂದರೆ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಿಡಿಯುವಂಥದ್ದು. ಹಾಗಾಗಿ ಈ ಪ್ಲಗಿನ್ನನ್ನು ಒಂದೊಂದು ಟ್ರ್ಯಾಕಿಗೂ ಮೊದಲ ಸ್ಥಾನದಲ್ಲಿ ಹಾಕಬೇಕು. ಅವರದ್ದೇ ಆಂಪೆಕ್ಸ್ ಎಟಿಆರ್-102 ಬೇರೆ ಥರ. ಅದು ಎರಡು ಟ್ರ್ಯಾಕಿನ ಮಾಸ್ಟರಿಂಗ್ ಯಂತ್ರ, ಮಿಕ್ಸ್ ಎಲ್ಲ ಮುಗಿದ ಮೇಲೆ ಕೊನೆಗೆ ಹಾಕೋದು. ತುಂಬ ಜನ ಇವೆರಡರಲ್ಲಿ ಯಾವುದು ಮೇಲು ಅಂತ ಜಗಳ ಆಡ್ತಾರೆ. ಎರಡರ ಕೆಲಸವೇ ಬೇರೆ.

ಮೊದಲು ಇವಕ್ಕೆ ಆ ಕಂಪನಿಯದ್ದೇ ಹಾರ್ಡ್‌ವೇರ್ ಬೇಕಾಗಿತ್ತು. 2022ರಿಂದ ಅವರು ನೇಟಿವ್ ಪ್ಲಗಿನ್ ಕೊಡೋಕೆ ಶುರು ಮಾಡಿದರು, ಎ800 ಕೂಡ ಈಗ ಹಾರ್ಡ್‌ವೇರ್ ಇಲ್ಲದೆ ಓಡುತ್ತದೆ. ರಿಯಾಯಿತಿ ಬಂದಾಗ ತಗೊಳ್ಳಿ. ಪೂರ್ತಿ ಬೆಲೆಗೆ ಯಾವ ಪ್ಲಗಿನ್ನನ್ನೂ ತಗೋಬೇಡಿ. ನವೆಂಬರ್ ಕೊನೆಯಲ್ಲಿ ಎಲ್ಲರೂ ಇಳಿಸುತ್ತಾರೆ.

ಜಗಳೂರು_ಜಾಲಿ
ಟೇಪಿನ ದೋಷ ತಪ್ಪಿಸಬೇಕು ಅಂತಲೇ ಎಂಜಿನಿಯರುಗಳು ಡಿಜಿಟಲ್ ಕಂಡುಹಿಡಿದರು. ಈಗ ಅದೇ ದೋಷವನ್ನು ದುಡ್ಡು ಕೊಟ್ಟು ವಾಪಸ್ ತರಬೇಕಾ? ಒಂದು ಈಕ್ಯೂ (ದನಿಯ ಮೇಲಿನ, ನಡುವಿನ, ತಳದ ಭಾಗಗಳನ್ನು ಬೇರೆ ಬೇರೆ ಏರಿಸಿ ಇಳಿಸುವ ಸಾಧನ) ಹಾಕಿ, 3 ಕಿಲೋಹರ್ಟ್ಜ್ ಆಸುಪಾಸು ಸ್ವಲ್ಪ ಇಳಿಸಿ, ಮೇಲಿನದನ್ನು ಮೆಲ್ಲಗೆ ತಗ್ಗಿಸಿ. ನಿಮ್ಮ ಹಿರಿಯರಿಗೆ ಬೇಕಾದ ಮೆತ್ತನೆ ದನಿ ಅಲ್ಲೇ ಸಿಗುತ್ತದೆ. ರೀಪರ್ ಜೊತೆ ಬರುವ ರಿಯಾಈಕ್ಯೂ ಸಾಕು.

ಬೆಣ್ಣೆ_ಬೀಟ್ಸ್
> ಒಂದು ಈಕ್ಯೂ ಹಾಕಿ

ಈಕ್ಯೂ ಎಲ್ಲ ಹೊತ್ತಲ್ಲೂ ಒಂದೇ ಥರ ಕತ್ತರಿಸುತ್ತದೆ ಅಣ್ಣ. ಟೇಪ್ ಹಾಗಲ್ಲ. ಮೆಲ್ಲಗೆ ಬಂದಾಗ ಬಿಡುತ್ತದೆ, ಜೋರಾಗಿ ಬಂದಾಗ ಮಾತ್ರ ತುದಿ ಮಡಚುತ್ತದೆ. ತಾಳದ ಹೊಡೆತಕ್ಕೆ ಬೇಕಾಗಿರೋದು ಅದೇ ಅಲ್ವಾ?

ಜಗಳೂರು_ಜಾಲಿ
ಅದಕ್ಕೆ ಕಂಪ್ರೆಸರ್ ಇದೆ, ಸಾಫ್ಟ್ ಕ್ಲಿಪ್ಪರ್ ಇದೆ. ನನ್ನ ಮಾತು ಬದಲಾಗಲ್ಲ.

ಹಿರಿಯೂರು_ಗಾಳಿ
ಜಾಲಿ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕೆ ಟೇಪು ಒಳಗೆ ಏನು ಮಾಡುತ್ತದೆ ಅಂತ ನೋಡಬೇಕು. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಟೇಪಿನ ಮೇಲಿರುವ ಆಕ್ಸೈಡ್ ಕಣಗಳು ಕಾಂತಕ್ಕೆ ನೇರವಾಗಿ ಸ್ಪಂದಿಸುವುದಿಲ್ಲ. ಸಣ್ಣ ಸಂಕೇತ ಬಂದರೆ ಅಲುಗಾಡುವುದೇ ಕಷ್ಟ, ದೊಡ್ಡದು ಬಂದರೆ ತುಂಬಿಹೋಗಿ ನಿಲ್ಲುತ್ತವೆ. ಹಿಂದೆ ಯಾವ ಸ್ಥಿತಿಯಲ್ಲಿದ್ದವು ಅನ್ನುವುದರ ಮೇಲೂ ಮುಂದಿನದು ನಿಂತಿರುತ್ತದೆ. ಇದನ್ನೇ ಹಿಸ್ಟೆರಿಸಿಸ್ ಅನ್ನುತ್ತೇವೆ. ಸಣ್ಣ ಸಂಕೇತದ ತೊಂದರೆ ನಿವಾರಿಸೋಕೆ ಕಿವಿಗೆ ಕೇಳದಷ್ಟು ಎತ್ತರದ ಕಂಪನವನ್ನು ಹಾಡಿನ ಜೊತೆ ಸೇರಿಸಿ ಟೇಪಿಗೆ ಕಳಿಸುತ್ತಾರೆ. ಅದೇ ಬಯಾಸ್. ಎಇಜಿ ಕಂಪನಿ 1935ರಲ್ಲಿ ಬರ್ಲಿನ್‌ನಲ್ಲಿ ಮ್ಯಾಗ್ನೆಟೋಫೋನ್ ತೋರಿಸಿದಾಗ ಅದರ ದನಿ ಅಷ್ಟೇನೂ ಚೆನ್ನಾಗಿರಲಿಲ್ಲ. 1940ರಲ್ಲಿ ವಾಲ್ಟರ್ ವೆಬರ್ ಈ ಎಸಿ ಬಯಾಸ್ ಹಿಡಿದ ಮೇಲೆ ಟೇಪು ಸಂಗೀತಕ್ಕೆ ಒದಗುವಂತಾಯಿತು. ಪ್ಲಗಿನ್‌ನಲ್ಲಿ ಬಯಾಸ್ ಅಂತ ನಾಬ್ ಕಂಡರೆ ಇದೇ ಅದು. ಜಾಸ್ತಿ ಮಾಡಿದರೆ ಮೇಲಿನ ದನಿ ಮೆತ್ತಗಾಗುತ್ತದೆ. ತೀರಾ ಕಡಿಮೆ ಮಾಡಿದರೆ ಒರಟಾಗುತ್ತದೆ.

ಇನ್ನೊಂದು ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 10 ಕಿಲೋಹರ್ಟ್ಜ್ ದನಿಯ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 4.76 ಮೈಕ್ರಾನ್ ಮಾತ್ರ. ಸ್ಟುಡಿಯೋ ಯಂತ್ರ 15 ಐಪಿಎಸ್, ಅಂದರೆ ಸೆಕೆಂಡಿಗೆ 15 ಇಂಚು, 38.1 ಸೆಂಟಿಮೀಟರ್ ಓಡುತ್ತದೆ. ಅದೇ ಅಲೆಗೆ ಎಂಟು ಪಟ್ಟು ಜಾಗ. ಅದಕ್ಕೇ ಕ್ಯಾಸೆಟ್‌ನಲ್ಲಿ ಮೇಲಿನ ದನಿ ಬೇಗ ತುಂಬಿಕೊಂಡು ಮಡಚಿಕೊಳ್ಳುತ್ತದೆ. ಸ್ಟುಡಿಯೋ ಯಂತ್ರದಲ್ಲಿ ಅಷ್ಟಾಗಿ ಇಲ್ಲ.

ಈಗ ಪ್ರಶ್ನೆ ಕೇಳಿದವರಿಗೆ: ಹಿರಿಯರು ಕ್ಯಾಸೆಟ್ ಅಂದಿದ್ದಾರೆ. ನೀವು ನೋಡುತ್ತಿರುವ ಸ್ಟೂಡರ್, ಆಂಪೆಕ್ಸ್ ಎಲ್ಲ ಸ್ಟುಡಿಯೋ ಯಂತ್ರದ ನಕಲು. ಅವರಿಗೆ ಬೇಕಾದ ದನಿ ಅಲ್ಲಿ ಸಿಗದೇ ಇರಬಹುದು. ಬ್ರ್ಯಾಂಡ್ ನೋಡುವ ಮುಂಚೆ ಯಾವ ವೇಗದ, ಯಾವ ಯಂತ್ರದ ದನಿ ಬೇಕು ಅಂತ ತೀರ್ಮಾನ ಮಾಡಿ.

ದುರ್ಗದ_ಕಲ್ಲು
ಹಿರಿಯೂರು ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ.

ರೀಲ್_ರಾಯರು
ನಾನು ಮಂಡಿಪೇಟೆ ಕಡೆ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದವನು. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರೋರು, ಖಾಲಿ ಸಿ-60, ಸಿ-90 ಕ್ಯಾಸೆಟ್‌ಗೆ ತುಂಬಿಸಿಕೊಡ್ತಿದ್ದೆ. ಸಿ-90 ಟೇಪು ತೆಳು. ಟ್ರ್ಯಾಕ್ಟರ್ ಪ್ಲೇಯರಿನಲ್ಲಿ ಸಿಕ್ಕಿಹಾಕಿಕೊಳ್ಳೋದು, ಹಾಗಾಗಿ ಸಿ-60 ತಗೊಳ್ಳಿ ಅಂತ ನಾನೇ ಹೇಳ್ತಿದ್ದೆ.

ಒಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ನಾವು ಲೆವೆಲ್ ಮೀಟರಿನ ಮುಳ್ಳನ್ನು ಕೆಂಪಿಗೆ ತಾಗುವ ಹಾಗೆ ಇಟ್ಟೇ ರೆಕಾರ್ಡ್ ಮಾಡ್ತಿದ್ದೆವು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಹೊಲದಲ್ಲಿ ಹಾಕೋ ಕ್ಯಾಸೆಟ್ಟು. ಮೆಲ್ಲಗೆ ತುಂಬಿಸಿದರೆ ಬರೀ ಸುಯ್ ಅನ್ನೋ ಸದ್ದೇ ಕೇಳೋದು. ಜೋರಾಗಿ ತುಂಬಿಸಿದರೆ ಸುಯ್ ಸದ್ದು ಅಡಗುತ್ತದೆ, ತಾಳ ಗೆಜ್ಜೆ ಮೆತ್ತಗಾಗುತ್ತವೆ. ನಿಮ್ಮ ಹಿರಿಯರ ಕಿವಿಯಲ್ಲಿ ಕೂತಿರೋ ಕ್ಯಾಸೆಟ್ ದನಿ ಅದು. ಕಂಪನಿ ಕ್ಯಾಸೆಟ್ ಆದರೂ ಮನೆಯಲ್ಲಿ ಎಷ್ಟೋ ಸಲ ಇದ್ದದ್ದು ಅದರ ಕಾಪಿ, ಕಾಪಿಯ ಕಾಪಿ. ಪ್ರತಿ ಕಾಪಿಗೂ ಮೇಲಿನ ದನಿ ಒಂದಿಷ್ಟು ಹೋಗುತ್ತದೆ, ಸುಯ್ ಸದ್ದು ಒಂದಿಷ್ಟು ಸೇರುತ್ತದೆ.

ನಿಮ್ಮ ಪ್ಲಗಿನ್ ವಿಚಾರ ನನಗೆ ಹೊಸದು. ಆದರೆ ಇನ್‌ಪುಟ್ ಎಷ್ಟು ಕೊಡ್ತೀರಿ ಅನ್ನೋದೇ ಮುಖ್ಯ ಅಂತ ಗ್ಯಾರಂಟಿ ಹೇಳ್ತೇನೆ.

ಬೆಣ್ಣೆ_ಬೀಟ್ಸ್
ರಾಯರೇ, ಅಂಗಡಿಯ ಆ ಡೆಕ್ ಇನ್ನೂ ಇದೆಯಾ? ಇದ್ದರೆ ನಾನು ಬಂದು ನನ್ನ ಬೀಟ್ ಅದರೊಳಗೆ ಓಡಿಸಿ ವಾಪಸ್ ರೆಕಾರ್ಡ್ ಮಾಡ್ತೀನಿ!

ರೀಲ್_ರಾಯರು
ಇದೆಯಪ್ಪ. ಬೆಲ್ಟ್ ಬದಲಾಯಿಸಬೇಕು, ರಬ್ಬರ್ ಸಡಿಲ ಆಗಿದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಆಝಿಮತ್ ಸ್ಕ್ರೂನಲ್ಲಿ ಹೆಡ್ಡಿನ ಓರೆ ಸರಿಮಾಡಿದರೆ ಇನ್ನೂ ಹಾಡುತ್ತದೆ. ಬಾ, ದೋಸೆ ಕೊಡಿಸು.

ಬೆಣ್ಣೆ_ಬೀಟ್ಸ್
ಖಾಲಿ ಬೆಣ್ಣೆ ದೋಸೆನಾ, ಓಪನ್ನಾ?

ಹರಿಹರ_ಹೊಳೆ
ಆಲೂಗಡ್ಡೆ ಪಲ್ಯ ಜಾಸ್ತಿ ಹಾಕಿಸಿಕೊಂಡು ಬೆಣ್ಣೆ ದೋಸೆ ತಿನ್ನಬೇಕು. ಸಂಜೆ ಆದರೆ ಮಂಡಕ್ಕಿ ಮಿರ್ಚಿ.

ನಿರ್ವಾಹಕ
ದೋಸೆಗೆ ಬೇರೆ ಎಳೆ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ದುರ್ಗದ_ಕಲ್ಲು
ಸರಿ, ನನ್ನ ಅನುಭವ ಬರೆಯುತ್ತೇನೆ. ಚಿತ್ರದುರ್ಗದಲ್ಲಿ ಕಿರುಚಿತ್ರಗಳಿಗೆ, ಜಾನಪದ ತಂಡಗಳಿಗೆ ಮಿಕ್ಸ್ ಮಾಡಿಕೊಡುತ್ತೇನೆ. ಡೊಳ್ಳು, ಉರುಮೆ, ಸೋಬಾನೆ, ಎಲ್ಲ ಬರುತ್ತವೆ.

ಮೊದಲ ಮಾತು: ದುಡ್ಡು ಕೊಡುವ ಮುಂಚೆ ಎರಡು ಫ್ರೀ ಪ್ಲಗಿನ್ ಹಾಕಿ. ಒಂದು ಚೌ ಟೇಪ್ ಮಾಡೆಲ್. ಜತಿನ್ ಚೌಧರಿ ಅನ್ನುವವರು ಬರೆದದ್ದು, ಓಪನ್ ಸೋರ್ಸ್. ಸೋನಿ ಟಿಸಿ-260 ಅನ್ನುವ ಮನೆಬಳಕೆಯ ರೀಲ್ ಯಂತ್ರ ಇಟ್ಟುಕೊಂಡು, ಮೇಷ್ಟ್ರು ಹೇಳಿದ ಹಿಸ್ಟೆರಿಸಿಸ್ ಲೆಕ್ಕವನ್ನು ಹಾಡು ಓಡುತ್ತಿರುವಾಗಲೇ ಮಾಡಿಸುತ್ತಾರೆ. 2019ರಲ್ಲಿ ಅದರ ಬಗ್ಗೆ ಸಂಶೋಧನಾ ಲೇಖನವನ್ನೂ ಬರೆದಿದ್ದಾರೆ. ಇನ್ನೊಂದು ಏರ್‌ವಿಂಡೋಸ್‌ನ ಟುಟೇಪ್. ಕ್ರಿಸ್ ಜಾನ್ಸನ್ ಅವರದ್ದು, ಅದೂ ಓಪನ್ ಸೋರ್ಸ್. ಚಿತ್ರ ಗಿತ್ರ ಏನೂ ಇಲ್ಲ, ಬರೀ ಸ್ಲೈಡರ್. ಲ್ಯಾಪ್‌ಟಾಪಿಗೆ ಭಾರವೇ ಆಗಲ್ಲ. 8 ಜಿಬಿ ಯಂತ್ರಕ್ಕೆ ಇದು ದೊಡ್ಡ ಮಾತು. ಚೌ ಟೇಪ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗಿನ ಲೆಕ್ಕವನ್ನು ಹಲವು ಪಟ್ಟು ವೇಗದಲ್ಲಿ ಮಾಡಿಸುವುದು) ಏರಿಸಿದರೆ ಪ್ರೊಸೆಸರ್ ಒದ್ದಾಡುತ್ತದೆ.

ಎರಡನೆಯದು, ನಿಮ್ಮ ಸಮಸ್ಯೆಯ ಅರ್ಧ ಮೈಕಿನದ್ದು ಅಂತ ನನಗೆ ಅನ್ನಿಸುತ್ತದೆ. ಎರಡೇ ಮೈಕು ಅಂದಿರಿ. ತಾಳ ಹೊಡೆಯುವವರು ಎಲ್ಲಿ ಕೂತಿರುತ್ತಾರೆ? ಕೋಣೆಗೆ ಮೇಲೆ ಏನಿದೆ, ತಗಡಾ, ಆರ್‌ಸಿಸಿಯಾ?

ಕುಂದವಾಡ_ಕೆರೆ
ತಾಳದವರು ಹಾಡುವವರ ಪಕ್ಕದಲ್ಲೇ ಕೂರುತ್ತಾರೆ, ಮೈಕಿನಿಂದ ಮೂರಡಿ ಇರಬಹುದು. ಮೇಲೆ ತಗಡಿನ ಶೀಟು. ಗೋಡೆಗೆ ಸುಣ್ಣ, ನೆಲಕ್ಕೆ ಜಮಖಾನೆ.

ದುರ್ಗದ_ಕಲ್ಲು
ಅಲ್ಲೇ ಇದೆ ನೋಡ್ರಿ. ತಾಳದವರನ್ನು ಮೈಕಿನ ಹಿಂಬದಿಗೆ, ಆರೇಳು ಅಡಿ ದೂರ ಕೂರಿಸಿ. ಮೈಕು ಕಾರ್ಡಿಯಾಯ್ಡ್ ಆಗಿದ್ದರೆ ಹಿಂದಿನ ದನಿ ಕಡಿಮೆ ಹಿಡಿಯುತ್ತದೆ. ತಗಡಿನ ಕೆಳಗೆ ದಪ್ಪ ರಗ್ಗೋ, ಹತ್ತಿಯ ಹಾಸಿಗೆಯೋ ಕಟ್ಟಿ. ದಾವಣಗೆರೆಯಲ್ಲಿ ಹತ್ತಿಗೆ ಬರವಾ? ಹಾರ್ಮೋನಿಯಂನವರಿಗೆ ಮೈಕಿನ ಎತ್ತರವನ್ನು ರೀಡಿಗೆ ನೇರ ಇಡಬೇಡಿ, ಸ್ವಲ್ಪ ಮೇಲಿಂದ ಓರೆಯಾಗಿ ಇಡಿ.

ಇದನ್ನು ಮಾಡದೆ ಟೇಪ್ ಪ್ಲಗಿನ್ ಹಾಕಿದರೆ ಇನ್ನೊಂದು ತೊಂದರೆ. ಎಲ್ಲ ವಾದ್ಯ ಒಂದೇ ಟ್ರ್ಯಾಕಿನಲ್ಲಿ ಬೆರೆತಿವೆ. ತಾಳದ ಹೊಡೆತ ಮಡಚಲಿ ಅಂತ ಜೋರಾಗಿ ತಳ್ಳಿದರೆ ಹಾರ್ಮೋನಿಯಂ, ಹಾಡು ಎಲ್ಲವೂ ಅದರ ಜೊತೆ ಹಿಂಡಿಕೊಳ್ಳುತ್ತವೆ.

ಹಿರಿಯೂರು_ಗಾಳಿ
ಅದಕ್ಕೊಂದು ಕಾರಣ ಸೇರಿಸುತ್ತೇನೆ. ಟೇಪು ತುಂಬಿಕೊಂಡಾಗ ಮುಖ್ಯವಾಗಿ ಹುಟ್ಟುವುದು ಮೂರನೆಯ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಮೂರು ಪಟ್ಟು ಕಂಪನ. ಒಂದೇ ಸ್ವರ ಇದ್ದರೆ ಅದು ಸೊಗಸು. ಆದರೆ ಹಾರ್ಮೋನಿಯಂನಲ್ಲಿ ಸ ಮತ್ತು ಪ ಒಟ್ಟಿಗೆ ಒತ್ತಿ ಹಿಡಿಯುತ್ತಾರೆ. ಎರಡು ಸ್ವರ ಕೂಡಿ ತುಂಬಿಕೊಂಡರೆ ಎರಡರ ಕೂಡು-ಕಳೆಯ ಹೊಸ ಕಂಪನಗಳೂ ಹುಟ್ಟುತ್ತವೆ. ಇಂಟರ್‌ಮಾಡ್ಯುಲೇಷನ್ ಅಂತ ಹೆಸರು. ರೀಡಿನ ದನಿಯಲ್ಲಿ ಮೊದಲೇ ಹಾರ್ಮೋನಿಕ್ಸ್ ತುಂಬಿರುತ್ತವೆ. ಅದರ ಮೇಲೆ ಇದೂ ಸೇರಿದರೆ ಗೊಗ್ಗರು. ಡ್ರಮ್ಮಿಗೆ ಚೆನ್ನಾಗಿ ಕೇಳಿದ ಸೆಟ್ಟಿಂಗ್ ಹಾರ್ಮೋನಿಯಂಗೆ ಕೆಡುವುದು ಇದರಿಂದಲೇ.

ಹಾಗಾಗಿ ಹಾರ್ಮೋನಿಯಂಗೆ ಡ್ರೈವ್ (ದನಿಯನ್ನು ಟೇಪಿಗೆ ಎಷ್ಟು ಜೋರಾಗಿ ತಳ್ಳುತ್ತೇವೆ ಅನ್ನುವುದು) ಕಡಿಮೆ, ತಬಲಾ ತಾಳಕ್ಕೆ ಜಾಸ್ತಿ. ಬೇರೆ ಬೇರೆ ಟ್ರ್ಯಾಕ್ ಇದ್ದರೆ ಮಾತ್ರ ಸಾಧ್ಯ.

ಚಳ್ಳಕೆರೆ_ಅಕ್ಕ
ವಾವ್, ಫ್ಲಟರ್ ನಾಬ್ ಬಗ್ಗೆಯೂ ಹೇಳಿ ಸಾರ್. ನಾನು ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ವಾದನ ರೆಕಾರ್ಡ್ ಮಾಡುತ್ತೇನೆ. ಜುಂಜಪ್ಪನ ಪದಗಳು. ಗಣೆ ಅಂದರೆ ಉದ್ದ ಕೊಳಲು, ಅದರ ಉಸಿರಿನ ಸದ್ದೇ ಅದರ ಜೀವ. ಒಬ್ಬರು ಅದಕ್ಕೆ ಟೇಪ್ ಪ್ಲಗಿನ್ ಹಾಕಿಕೊಟ್ಟರು. ಕೊಳಲು ಅಲ್ಲಾಡಿದ ಹಾಗೆ ಕೇಳಿತು. ನುಡಿಸಿದ ಅಜ್ಜ ಕೇಳಿ "ನಾನು ಹಿಂಗೆ ನಡುಗಿಸಿಲ್ಲ ತಾಯಿ" ಅಂದರು. ನನಗೆ ತುಂಬ ಬೇಜಾರಾಯಿತು.

ಹಿರಿಯೂರು_ಗಾಳಿ
ಅಜ್ಜ ಹೇಳಿದ್ದೇ ಸರಿ ಮೇಡಂ. ಟೇಪಿನ ವೇಗದಲ್ಲಿ ನಿಧಾನದ ಏರಿಳಿತ ವಾವ್, ಚುರುಕಾದ ನಡುಕ ಫ್ಲಟರ್. ಎರಡೂ ಸ್ವರವನ್ನೇ ಅಲುಗಿಸುತ್ತವೆ. ಗಣೆ, ಏಕತಾರಿ, ತಂಬೂರಿ, ಹಾರ್ಮೋನಿಯಂ ಶ್ರುತಿ, ಇಂಥ ನಿಂತ ಸ್ವರದಲ್ಲಿ ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ. ಇವಕ್ಕೆ ಎರಡನ್ನೂ ಸೊನ್ನೆಗೆ ಇಳಿಸಿ. ಪ್ಲಗಿನ್ ತೆರೆದ ತಕ್ಷಣ ಕೆಲವದರಲ್ಲಿ ಅವು ಆನ್ ಆಗಿಯೇ ಇರುತ್ತವೆ, ನೋಡಿಕೊಳ್ಳಿ.

ಬೆಣ್ಣೆ_ಬೀಟ್ಸ್
ಬೇಕಂತಲೇ ಹಳೇ, ಒರಟು ದನಿ ಇಡೋ ಲೋಫೈ ಹಾಡಿಗೆ ಅದೇ ಬೇಕು ಸಾರ್! ವಾವ್ ಇಲ್ಲದೆ ನಮ್ಮ ಹಾಡೇ ಇಲ್ಲ. ಚೌ ಟೇಪ್‌ನಲ್ಲಿ ಚ್ಯೂ ಅಂತ ಒಂದು ಭಾಗ ಇದೆ, ಪ್ಲೇಯರ್ ಟೇಪನ್ನು ತಿಂದ ಹಾಗೆ ಮಾಡುತ್ತದೆ. ಅದನ್ನು ಆನ್ ಮಾಡಿದಾಗ ನನಗೆ ಎಷ್ಟು ಖುಷಿ ಆಗುತ್ತದೆ ಗೊತ್ತಾ. ಎಲ್ಲರೂ ಎಲ್ಲವನ್ನೂ ಸೊನ್ನೆಗೆ ಇಳಿಸಿ ಅಂದರೆ ಟೇಪ್ ಪ್ಲಗಿನ್ ಯಾಕೆ?

ಚಳ್ಳಕೆರೆ_ಅಕ್ಕ
ನಿನ್ನ ಹಾಡು ನಿನ್ನದು ತಮ್ಮಾ, ಹೇಗೆ ಬೇಕಾದರೂ ಮಾಡು. ಗಣೆ ಅಜ್ಜನದ್ದು. ಅದನ್ನು ಅವರು ನುಡಿಸಿದ ಹಾಗೇ ಉಳಿಸೋದು ನನ್ನ ಜವಾಬ್ದಾರಿ. ದಾಖಲೆಗೆ ಇಡುವ ಫೈಲಿಗೆ ನಾನು ಏನನ್ನೂ ಹಾಕಲ್ಲ. ಜನಕ್ಕೆ ಕೇಳಿಸೋ ಕಾಪಿಗೆ ಮಾತ್ರ ಈ ಪ್ರಶ್ನೆ.

ಹರಿಹರ_ಹೊಳೆ
ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಮೂಲ ವೇವ್ ಫೈಲ್ ಯಾವತ್ತೂ ಮುಟ್ಟಬಾರದು.

ಮತ್ತೆ ದುಡ್ಡು ಕೊಡುವ ಪ್ಲಗಿನ್ನಿಗೆ ಬರುತ್ತೇನೆ. ಫ್ರೀ ಒಳ್ಳೆಯದೇ, ಆದರೆ ಚೌ ಟೇಪ್‌ನಲ್ಲಿ ನಾಬುಗಳೇ ಸಂತೆ. ಹೊಸಬರು ಕಳೆದುಹೋಗುತ್ತಾರೆ. ಸಾಫ್ಟ್‌ಟ್ಯೂಬ್ ಟೇಪ್ ತೆರೆದರೆ ಮೂರು ಥರದ ಯಂತ್ರ, ಒಂದು ದೊಡ್ಡ ಅಮೌಂಟ್ ನಾಬ್. ತಿರುಗಿಸು, ಕೇಳು, ನಿಲ್ಲಿಸು. ಭಜನೆ ಕೆಲಸಕ್ಕೆ ಅಷ್ಟು ಸಾಕು. ಅದಕ್ಕೆ ವಿರುದ್ಧದ್ದು ಯು-ಹಿ ಅವರ ಸ್ಯಾಟಿನ್. ಯಾವ ಒಂದು ಯಂತ್ರದ ನಕಲೂ ಅಲ್ಲ. ವೇಗ, ಬಯಾಸ್, ಹೆಡ್ಡಿನ ಅಳತೆ ಎಲ್ಲ ನೀವೇ ಹೊಂದಿಸಬೇಕು. ಕಲಿಯುವ ಆಸೆ ಇದ್ದವರಿಗೆ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ವೇವ್ಸ್ ಜೆ37 ಕಡಿಮೆ ಬೆಲೆಗೆ ಆಗಾಗ ಸಿಗುತ್ತದೆ. ಮೂಲ ಯಂತ್ರ ವಾಲ್ವಿನದ್ದು, ಅಬೇ ರೋಡ್ ಸ್ಟುಡಿಯೋದ ನಾಲ್ಕು ಟ್ರ್ಯಾಕಿನ ಸ್ಟೂಡರ್. 7.5 ಮತ್ತು 15 ಐಪಿಎಸ್ ಎರಡೇ ವೇಗ. ಮೂರು ಬಗೆಯ ಟೇಪು, ಜೊತೆಗೆ ಡಿಲೇ. 7.5ರಲ್ಲಿ ಮೇಲಿನ ದನಿ ಚೆನ್ನಾಗಿ ಮೆತ್ತಗಾಗುತ್ತದೆ. ಪ್ರಶ್ನೆ ಕೇಳಿದವರ ಬಜೆಟ್ಟಿಗೆ ಇದು ಸಲೀಸಾಗಿ ಸೇರುತ್ತದೆ.

ಜಗಳೂರು_ಜಾಲಿ
ವೇವ್ಸ್ ಬೇಡ. 2023ರ ಮಾರ್ಚ್‌ನಲ್ಲಿ ಇನ್ನು ಮೇಲೆ ಚಂದಾ ಮಾತ್ರ, ಪ್ಲಗಿನ್ ಕೊಳ್ಳೋಕಾಗಲ್ಲ ಅಂತ ಘೋಷಿಸಿದರು. ಜನ ರೇಗಿದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ತಗೊಂಡರು. ಜೊತೆಗೆ ವರ್ಷದ ನಂತರ ಅಪ್‌ಡೇಟ್‌ಗೆ ಮತ್ತೆ ದುಡ್ಡು. ಓಪನ್ ಸೋರ್ಸ್‌ಗೆ ಈ ತಾಪತ್ರಯ ಇಲ್ಲ. ನಾನು ಪ್ಲಗಿನ್ನೇ ಬೇಡ ಅಂದವನು, ಆದರೂ ಹಾಕಲೇಬೇಕು ಅಂದರೆ ಫ್ರೀಯದ್ದೇ ಹಾಕಿ.

ಹರಿಹರ_ಹೊಳೆ
ವಾಪಸ್ ತಗೊಂಡರಲ್ಲ. ಕೊಂಡ ಪ್ಲಗಿನ್ ಇವತ್ತಿಗೂ ಓಡುತ್ತದೆ. ಕಂಪ್ಯೂಟರಿನ ಸಿಸ್ಟಂ ಬದಲಾಯಿಸದೆ ಇದ್ದರೆ ಅಪ್‌ಡೇಟ್ ಅವಸರ ಏನಿಲ್ಲ.

ದಾವಣಗೆರೆ_ಡಿಜೆ
ಟೆಲಿಗ್ರಾಂನಲ್ಲಿ ಎಲ್ಲಾ ಕ್ರ್ಯಾಕ್ ಸಿಗುತ್ತೆ, ಸುಮ್ನೆ ಯಾಕೆ ದುಡ್ಡು?

ನಿರ್ವಾಹಕ
ಇಲ್ಲಿ ಅದನ್ನು ಹೇಳುವಂತಿಲ್ಲ. ಇನ್ನೊಮ್ಮೆ ಬಂದರೆ ಅಳಿಸುತ್ತೇನೆ.

ದುರ್ಗದ_ಕಲ್ಲು
ಕ್ರ್ಯಾಕ್ ಫೈಲಿನ ಜೊತೆ ವೈರಸ್ ಬಂದು ರೆಕಾರ್ಡಿಂಗ್ ಎಲ್ಲ ಲಾಕ್ ಆಗಿ ಅಳುತ್ತಾ ಬಂದವರನ್ನು ನೋಡಿದ್ದೇನೆ. ಹಳ್ಳಿಯ ಅಜ್ಜಿ ಹಾಡಿದ ಹಾಡು ಮತ್ತೆ ಸಿಗಲ್ಲ. ಒಳ್ಳೆಯದು ಫ್ರೀಯಾಗೇ ಇರುವಾಗ ಕಳ್ಳಮಾಲು ಯಾಕ್ರೀ? ರೀಪರ್ ಕೂಡ 60 ದಿನ ಬಳಸಿ ನೋಡಿ ಆಮೇಲೆ 60 ಡಾಲರ್ ಕೊಡಿ ಅನ್ನುವಷ್ಟು ನಂಬಿಕೆ ಇಡುತ್ತದೆ. ನಮ್ಮ ಕಡೆಯಿಂದಲೂ ಅಷ್ಟು ನಂಬಿಕೆ ಇರಬೇಕು.

ಕುಂದವಾಡ_ಕೆರೆ
ಎಲ್ಲರಿಗೂ ಥ್ಯಾಂಕ್ಸ್. ಎರಡೂ ಫ್ರೀ ಪ್ಲಗಿನ್ ಹಾಕಿದೆ. ಒಂದು ಗೊಂದಲ. ಪ್ಲಗಿನ್ ಆನ್ ಮಾಡಿದಾಗ ಎಲ್ಲವೂ ತುಂಬಿದ ಹಾಗೆ, ಹತ್ತಿರ ಬಂದ ಹಾಗೆ ಕೇಳುತ್ತದೆ. ಆಫ್ ಮಾಡಿದರೆ ಸಪ್ಪೆ. ಹಾಗಾದರೆ ಕೆಲಸ ಮಾಡ್ತಿದೆ ಅಂತಾನಾ?

ದುರ್ಗದ_ಕಲ್ಲು
ಇರಬಹುದು, ಆದರೆ ಮೊದಲು ಲೆವೆಲ್ ಸಮ ಮಾಡಿ. ಒಂದೇ ಡೆಸಿಬಲ್ ಜೋರಾದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಆನ್ ಮಾಡಿದಾಗ ಮತ್ತು ಆಫ್ ಮಾಡಿದಾಗ ರೀಪರ್‌ನ ಲೌಡ್‌ನೆಸ್ ಮೀಟರಿನಲ್ಲಿ ಒಂದೇ ಅಂಕಿ ಬರುವ ಹಾಗೆ ಔಟ್‌ಪುಟ್ ಇಳಿಸಿ. ಆಮೇಲೆ ಕಣ್ಣು ಮುಚ್ಚಿ, ಇನ್ನೊಬ್ಬರ ಕೈಯಲ್ಲಿ ಬಟನ್ ಒತ್ತಿಸಿ ಕೇಳಿ. ಬಹಳಷ್ಟು ಪ್ಲಗಿನ್ನಿನ ಮ್ಯಾಜಿಕ್ ಅಲ್ಲಿ ಇಳಿದುಹೋಗುತ್ತದೆ. ಇಳಿಯದೆ ಉಳಿದದ್ದೇ ಟೇಪಿನ ಕೆಲಸ.

ಇನ್‌ಪುಟ್ ಬಗ್ಗೆ ರಾಯರು ಹೇಳಿದ್ದು ಇಲ್ಲೂ ಹಾಗೇ. ಬಹಳಷ್ಟು ಪ್ಲಗಿನ್ನಿನಲ್ಲಿ -18 ಡಿಬಿಎಫ್‌ಎಸ್ (ಡಿಜಿಟಲ್ ಲೆವೆಲ್ಲಿನ ಅಳತೆ, ಅದರ 0 ಅಂದರೆ ಗರಿಷ್ಠ ಮಿತಿ) ಅಂದರೆ ಮುಳ್ಳಿನ ಮೀಟರಿನ 0 ವಿಯು. ಹಾಡು ಆ ಮುಳ್ಳಿನ ಸುತ್ತ ಆಡಬೇಕು. ನೀವು ರೆಕಾರ್ಡಿಂಗನ್ನು 0 ಡಿಬಿಎಫ್‌ಎಸ್‌ಗೆ ತಾಗುವಷ್ಟು ಜೋರು ಮಾಡಿ ಪ್ಲಗಿನ್ನಿಗೆ ಕೊಟ್ಟರೆ ಅದು ಮೊದಲ ಸೆಕೆಂಡಿನಿಂದಲೇ ಹಿಂಡುತ್ತದೆ.

ಹಿರಿಯೂರು_ಗಾಳಿ
ವಿಯು ಮೀಟರ್ ನಿಧಾನ, 300 ಮಿಲಿಸೆಕೆಂಡ್ ಸರಾಸರಿ ತೋರಿಸುತ್ತದೆ. ತಾಳದ ಹೊಡೆತ ಅದರಲ್ಲಿ ಕಾಣುವುದೇ ಇಲ್ಲ. ಮುಳ್ಳು ಕೆಳಗೇ ಇದ್ದರೂ ತಾಳ ಟೇಪನ್ನು ತುಂಬಿಸಿರುತ್ತದೆ. ತಾಳಕ್ಕೆ ಪೀಕ್ ಮೀಟರ್ ನೋಡಿ, ಕಿವಿ ನಂಬಿ.

ಓವರ್‌ಸ್ಯಾಂಪ್ಲಿಂಗ್ ಸ್ವಲ್ಪವಾದರೂ ಇಡಿ. 44.1 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುವಾಗ 9 ಕಿಲೋಹರ್ಟ್ಜ್ ದನಿಯ ಮೂರನೆಯ ಹಾರ್ಮೋನಿಕ್ 27. 44.1ರ ಅರ್ಧಕ್ಕಿಂತ ಮೇಲಿನ ಕಂಪನಕ್ಕೆ ಅಲ್ಲಿ ಜಾಗ ಇಲ್ಲ, ಹಾಗಾಗಿ ಅದು ಮಡಚಿಕೊಂಡು 17.1ಕ್ಕೆ ಬಂದು ಕೂರುತ್ತದೆ. ಅದು ಸ್ವರಕ್ಕೆ ಸಂಬಂಧವೇ ಇಲ್ಲದ ಸದ್ದು. ತಾಳದಂಥ ಹಿತ್ತಾಳೆ ದನಿಯಲ್ಲಿ ಇದರ ಕಾಟ ಜಾಸ್ತಿ. ನೀವು ತಪ್ಪಿಸಬೇಕು ಅಂತಿರುವ ಚುಚ್ಚುವಿಕೆ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ಯಂತ್ರ ಒದ್ದಾಡಿದರೆ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸೇರಿದ ದನಿಯನ್ನೇ ಫೈಲಾಗಿ ಇಳಿಸಿಡಿ.

ಹರಿಹರ_ಹೊಳೆ
ಸುಯ್ ಸದ್ದನ್ನೂ ಆಫ್ ಮಾಡಿ. ಒಂದು ಟ್ರ್ಯಾಕಿನಲ್ಲಿ ಚಂದ. 16 ಟ್ರ್ಯಾಕಿಗೂ ಹಾಕಿದರೆ ಒಟ್ಟು 12 ಡೆಸಿಬಲ್ ಏರುತ್ತದೆ.

ಸಂತೆಬೆನ್ನೂರು_ಹೊಂಡ
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ತಾತ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಅವರ ಪೆಟ್ಟಿಗೆಯಲ್ಲಿ ಕೆಲವು ರೀಲುಗಳು ಸಿಕ್ಕಿವೆ, ರಂಗಗೀತೆ ಇರಬೇಕು. ಒಂದು ರೀಲ್ ಪ್ಲೇಯರ್ ಸಿಕ್ಕಿದೆ, ಹಾಕಿ ನೋಡಲಾ?

ರೀಲ್_ರಾಯರು
ಬೇಡ ಬೇಡ! ಈಗಲೇ ಹಾಕಬೇಡಿ. ಮೊದಲು ವಾಸನೆ ನೋಡಿ. ವಿನೆಗರ್ ಥರ ಹುಳಿ ವಾಸನೆ ಬಂದರೆ ಅಸಿಟೇಟ್ ಟೇಪು ಹಾಳಾಗುತ್ತಿದೆ ಅಂತ. ರೀಲನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಸುತ್ತಿದ ಟೇಪಿನ ಮೂಲಕ ಬೆಳಕು ತೂರಿ ಬಂದರೆ ಅಸಿಟೇಟ್, ಬರದಿದ್ದರೆ ಪಾಲಿಯೆಸ್ಟರ್. ಬೂಷ್ಟು ಇದೆಯಾ ನೋಡಿ.

ಹಿರಿಯೂರು_ಗಾಳಿ
ಪಾಲಿಯೆಸ್ಟರ್ ಆದರೂ ಅಂಟು ಬಿಟ್ಟಿರಬಹುದು. 1970ರ ದಶಕದಿಂದ ಬಂದ ಕೆಲವು ಟೇಪುಗಳಲ್ಲಿ, ಆಂಪೆಕ್ಸ್ 456ರಲ್ಲೂ, ಆಕ್ಸೈಡ್ ಅಂಟಿಸುವ ಪದಾರ್ಥ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಹಾಡೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂಥವನ್ನು ಸುಮಾರು 54 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ ಒಮ್ಮೆ ಡಿಜಿಟಲ್‌ಗೆ ಇಳಿಸಿಕೊಳ್ಳುತ್ತಾರೆ. ಅಸಿಟೇಟ್ ಟೇಪಿಗೆ ಈ ಬಿಸಿ ಕೊಡಲೇಬಾರದು. ಮನೆಯ ಓವನ್ನಿನಲ್ಲಿ ಯಾವುದನ್ನೂ ಮಾಡಬೇಡಿ. ತಿಳಿದವರ ಕೈಗೇ ಕೊಡಿ. ಅಲ್ಲಿಯವರೆಗೆ ತೇವ ಇಲ್ಲದ, ತಂಪಾದ ಜಾಗದಲ್ಲಿ ನಿಲ್ಲಿಸಿ ಇಡಿ, ಸ್ಪೀಕರ್ ಹತ್ತಿರ ಬೇಡ.

ಸಂತೆಬೆನ್ನೂರು_ಹೊಂಡ
ಬೆಳಕು ತೂರಲಿಲ್ಲ, ಹುಳಿ ವಾಸನೆಯೂ ಇಲ್ಲ. ಪ್ಲೇಯರಿಗೆ ಹಾಕಲ್ಲ. ತುಂಬ ಉಪಕಾರ ಆಯಿತು. ಬೇರೆ ಎಳೆ ಶುರು ಮಾಡುತ್ತೇನೆ.

ಕುಂದವಾಡ_ಕೆರೆ
ಫಲಿತಾಂಶ ಹೇಳೋಕೆ ಬಂದೆ. ತಾಳದವರನ್ನು ಹಿಂದೆ ಕೂರಿಸಿದೆವು, ತಗಡಿನ ಕೆಳಗೆ ಹಾಸಿಗೆ ಕಟ್ಟಿದೆವು. ಅರ್ಧ ಚುಚ್ಚುವಿಕೆ ಪ್ಲಗಿನ್ ಇಲ್ಲದೆಯೇ ಹೋಯಿತು. ಒಂದು ಮೈಕು ಹಾಡುವವರಿಗೆ ಮತ್ತು ಹಾರ್ಮೋನಿಯಂಗೆ, ಇನ್ನೊಂದು ತಬಲಾ ಕಡೆಗೆ.

ತಬಲಾ ಟ್ರ್ಯಾಕಿಗೆ ಚೌ ಟೇಪ್, 7.5 ಐಪಿಎಸ್, ಡ್ರೈವ್ ಸ್ವಲ್ಪ ಜಾಸ್ತಿ. ಹಾಡಿಗೆ ಟುಟೇಪ್, ತೀರಾ ಕಡಿಮೆ. ಲೆವೆಲ್ ಸಮ ಮಾಡಿ ಮಂಡಳಿಯವರಿಗೆ ಮೂರು ಥರ ಕೇಳಿಸಿದೆ: ಏನೂ ಹಾಕದ್ದು, ಇದು, ಮತ್ತು ಬೆಣ್ಣೆ ಬೀಟ್ಸ್ ಅವರು ಕಳಿಸಿದ ಪಕ್ಕಾ ಕ್ಯಾಸೆಟ್ ಸೆಟ್ಟಿಂಗ್. ಹೆಚ್ಚಿನವರು ನಡುವಿನದ್ದು ಒಪ್ಪಿದರು. ಹಾರ್ಮೋನಿಯಂನವರು ಮಾತ್ರ ಏನೂ ಹಾಕದ್ದೇ ಇರಲಿ ಅಂತ ಪಟ್ಟು ಹಿಡಿದಿದ್ದಾರೆ. ಅವರ ರೀಡಿನ ಹೊಳಪು ಹೋಗುತ್ತದಂತೆ. ಇನ್ನೂ ಚರ್ಚೆ ನಡೀತಿದೆ.

ಬಜೆಟ್ ದುಡ್ಡು ಹಾಗೇ ಇದೆ. ಅದರಲ್ಲಿ ಹಾರ್ಮೋನಿಯಂಗೇ ಬೇರೆ ಮೈಕು ತಗೊಳ್ಳೋಣ ಅಂತ. ಇಂಟರ್‌ಫೇಸ್‌ನಲ್ಲಿ ಎರಡೇ ಇನ್‌ಪುಟ್, ಅದೊಂದು ತಲೆನೋವು.

ಜಗಳೂರು_ಜಾಲಿ
ಹಾರ್ಮೋನಿಯಂನವರು ನಮ್ಮ ಕಡೆಯವರು. ಅವರ ಮಾತು ಕೇಳಿ.

ಬೆಣ್ಣೆ_ಬೀಟ್ಸ್
ನನ್ನ ಸೆಟ್ಟಿಂಗ್ ಯಾರೂ ಒಪ್ಪಲಿಲ್ಲವಾ? ಒಬ್ಬರೂ?

ಕುಂದವಾಡ_ಕೆರೆ
ತಾಳ ಹೊಡೆಯುವ ಹುಡುಗ ಒಪ್ಪಿದ. ಅವನು ನಿಮ್ಮ ವಯಸ್ಸಿನವನು.

ಚಳ್ಳಕೆರೆ_ಅಕ್ಕ
ಹಾಗಾದರೆ ಗಣೆಗೆ ಯಾವ ವೇಗ ಇಡಲಿ ಸಾರ್? ಹಟ್ಟಿಯ ಬಯಲಲ್ಲಿ ಮಾಡಿದ್ದು, ಗಾಳಿಯ ಗುಂ ಅನ್ನುವ ಸದ್ದೂ ಸೇರಿದೆ.

ಹಿರಿಯೂರು_ಗಾಳಿ
ಮೊದಲು ಗಾಳಿಯ ಸದ್ದನ್ನು ತಳದ ದನಿ ಕತ್ತರಿಸುವ ಹೈ-ಪಾಸ್ ಫಿಲ್ಟರ್‌ನಲ್ಲಿ ತೆಗೆಯಿರಿ, ಆಮೇಲೆ ಟೇಪ್. ಟೇಪಿಗೆ ಮೊದಲು ಕಳಿಸಿದರೆ ಆ ಗುಂ ಸದ್ದೇ ಟೇಪನ್ನು ತುಂಬಿಸಿ ಕೊಳಲನ್ನು ಅದುಮುತ್ತದೆ. 15 ಐಪಿಎಸ್‌ನಲ್ಲಿ ಹೆಡ್ಡಿನಿಂದಾಗಿ ತಳದ ದನಿ ಸ್ವಲ್ಪ ಉಬ್ಬುತ್ತದೆ. ಡೊಳ್ಳಿಗೆ ಅದು ಒಳ್ಳೆಯದು, ಗಣೆಗೆ ಬೇಕಿಲ್ಲ. 30 ಇಡಿ. ಮೇಲಿನ ಉಸಿರು ಸರಿಯಾಗಿ ಉಳಿಯುತ್ತದೆ. ವಾವ್, ಫ್ಲಟರ್, ಹಿಸ್ (ಸುಯ್ ಸದ್ದು) ಮೂರೂ ಆಫ್. ಡ್ರೈವ್ ಕೇಳಿಯೂ ಕೇಳದಷ್ಟು.

ದುರ್ಗದ_ಕಲ್ಲು
ಅಕ್ಕ, ಒಂದು ನಿಮಿಷದ ತುಣುಕು ಹಾಗೆ ಮಾಡಿ ಕಳಿಸಿ. ಅಜ್ಜನಿಗೂ ಕೇಳಿಸಿ, ಅವರು ಏನಂದರು ಅಂತಲೂ ಬರೆಯಿರಿ. ಕುಂದವಾಡ ಅವರೇ, ನಾಲ್ಕು ಇನ್‌ಪುಟ್ಟಿನ ಹಳೆ ಇಂಟರ್‌ಫೇಸ್ ಒಂದು ನನ್ನ ಹತ್ತಿರ ಸುಮ್ನೆ ಇದೆ. ದುರ್ಗಕ್ಕೆ ಬಂದಾಗ ತಗೊಂಡು ಹೋಗಿ, ಸರಿಹೊಂದಿದರೆ ಆಮೇಲೆ ಬೆಲೆ ಮಾತಾಡೋಣ.